ಮಗಳ ಅಳತೆಯ ರೈಫಲ್

ಪ್ರಿಯ ಸಹೋದರಿ, ಒಂಬತ್ತನೇ ತರಗತಿಯಲ್ಲಿ ಓದುವ ನಿಮ್ಮ ಮಗಳು ಒಂದು ಸಂಜೆ ಬಂದು, "ಉಮ್ಮಾ, ನಾನು ರೈಫಲ್ ಶೂಟಿಂಗ್ ಕಲಿಯಲು ಸೇರಲಾ?" ಎಂದು ಕೇಳಿದರೆ ನೀವೇನು ಹೇಳುವಿರಿ? ನಾನು "ಬೇಡ" ಎಂದೆ. "ಯಾಕೆ?" ಎಂದು ಕೇಳಿದಳು. ಉತ್ತರ ಸಿಗಲಿಲ್ಲ. "ಜನ ಏನನ್ನುತ್ತಾರೆ?" ಎಂಬ ನಮ್ಮೆಲ್ಲರ ಹಳೆಯ ಮಾತನ್ನೇ ಹೇಳಿ ಅಡುಗೆ ಕೋಣೆಗೆ ಹೋದೆ.

ಆದರೆ ಮದ್ರಸ ಅಧ್ಯಾಪಕಿಯ ಮಗಳು ಅಷ್ಟಕ್ಕೇ ಬಿಡುತ್ತಾಳೆಯೇ? ಮರುದಿನ ನಾನೇ ಕಲಿಸಿದ ಪಾಠವನ್ನು ನನ್ನ ಮುಂದಿಟ್ಟಳು. ಅಸ್ಲಮ್ ಗೋತ್ರದ ಕೆಲವರು ಬಿಲ್ಲುಗಾರಿಕೆಯ ಪಂದ್ಯದಲ್ಲಿ ತೊಡಗಿದ್ದಾಗ ಪ್ರವಾದಿ(ಸ) ಆ ದಾರಿಯಾಗಿ ಬಂದರು. ಇಸ್ಮಾಯೀಲ್(ಅ)ರ ಸಂತತಿಯವರು ನೀವು, ನಿಮ್ಮ ಪಿತಾಮಹರೂ ಬಿಲ್ಲುಗಾರರಾಗಿದ್ದರು ಎಂದು ಹುರಿದುಂಬಿಸಿ, ತಾನು ಒಂದು ತಂಡದ ಜೊತೆಗಿದ್ದೇನೆ ಎಂದರು. ಇನ್ನೊಂದು ತಂಡದವರು ಕೈ ನಿಲ್ಲಿಸಿಬಿಟ್ಟರು. ಪ್ರವಾದಿಯವರೇ ಎದುರು ತಂಡದಲ್ಲಿದ್ದರೆ ಬಾಣ ಬಿಡುವುದು ಹೇಗೆ? ಆಗ ಅವರು, ನಿಮ್ಮೆಲ್ಲರ ಜೊತೆಗೂ ನಾನಿದ್ದೇನೆ, ಮುಂದುವರಿಸಿ ಎಂದರು. ಸಲಮ ಬಿನ್ ಅಕ್ವಅ್(ರ) ವರದಿ ಮಾಡಿದ ಈ ಘಟನೆ ಬುಖಾರಿಯಲ್ಲಿದೆ. "ಇದನ್ನು ಹೇಳಿಕೊಟ್ಟದ್ದು ನೀವೇ ಅಲ್ವಾ ಉಮ್ಮಾ?" ಎಂದಳು. ಅವಳ ಉಪ್ಪ ನಗುತ್ತಾ ನನ್ನ ಮುಖ ನೋಡಿದರು.

ಅಣ್ಣನಿಗೆ ಮಾತ್ರ ನಗು ಬರಲಿಲ್ಲ. ಅವನು ಫೋನಿನಲ್ಲಿ ನೇರವಾಗಿ ಕೇಳಿದ: "ನಮ್ಮ ಹುಡುಗಿ ತಲೆವಸ್ತ್ರ ಧರಿಸಿ ಬಂದೂಕು ಹಿಡಿದಿರುವ ಒಂದು ಫೋಟೊ ಯಾರದೋ ಮೊಬೈಲಿಗೆ ಹೋದರೆ ಏನಾಗುತ್ತದೆಂದು ಯೋಚಿಸಿದ್ದೀಯಾ?" ಯೋಚಿಸಿದ್ದೆ. ನನ್ನ "ಬೇಡ" ಎಂಬ ಮಾತಿನ ಹಿಂದೆ ಇದ್ದದ್ದೂ ಅದೇ ಭಯ. ಇದನ್ನು ಓದುತ್ತಿರುವ ನಿಮಗೂ ಆ ಭಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊನೆಗೆ ಮನೆಯಲ್ಲಿ ಒಂದು ಒಪ್ಪಂದವಾಯಿತು. ಕಲಿಯಬಹುದು, ಆದರೆ ಫೋಟೊ ಬೇಡ.

ಅವಳು ಸೇರಿದ್ದು ಹತ್ತು ಮೀಟರ್ ಏರ್ ರೈಫಲ್ ತರಬೇತಿಗೆ. ಇದು ಮದ್ದುಗುಂಡಿನ ಬಂದೂಕಲ್ಲ. ಒತ್ತಿ ತುಂಬಿದ ಗಾಳಿಯ ಬಲದಿಂದ 4.5 ಮಿಲಿಮೀಟರ್ ಅಳತೆಯ ಸಣ್ಣ ಸೀಸದ ಪೆಲೆಟ್ ಹೊರಹೋಗುತ್ತದೆ. ಒಲಿಂಪಿಕ್ಸ್‌ನಲ್ಲಿರುವುದೂ ಇದೇ ಆಟ. ಗುರಿಹಲಗೆಯ ನಡುವೆ ಹತ್ತು ಅಂಕದ ಒಂದು ಚುಕ್ಕೆ ಇರುತ್ತದೆ. ಅದರ ಅಗಲ ಎಷ್ಟೆಂದು ಊಹಿಸಿ ನೋಡಿ. ಕೇವಲ ಅರ್ಧ ಮಿಲಿಮೀಟರ್! ನಾವು ಒಗ್ಗರಣೆಗೆ ಹಾಕುವ ಸಾಸಿವೆ ಕಾಳು ಅದಕ್ಕಿಂತ ದೊಡ್ಡದು. ಒಲಿಂಪಿಕ್ಸ್‌ನಲ್ಲಿ ಅದಕ್ಕೆ ನಿಂತುಕೊಂಡೇ 75 ನಿಮಿಷದೊಳಗೆ 60 ಸಲ ಗುರಿಯಿಡಬೇಕು. 2018ಕ್ಕೆ ಮೊದಲು ಮಹಿಳೆಯರಿಗೆ 40 ಹೊಡೆತ ಮಾತ್ರ ಇತ್ತು, ಈಗ ಗಂಡಸರಷ್ಟೇ.

ಮೊದಲ ದಿನ ಟ್ರಿಗರ್ ಮುಟ್ಟಲು ಬಿಡಲಿಲ್ಲವಂತೆ. ಬರೀ ಸುರಕ್ಷತೆಯ ಪಾಠ. ನಳಿಗೆ ಯಾವಾಗಲೂ ಗುರಿಹಲಗೆಯ ಕಡೆಗೇ ಇರಬೇಕು. ಖಾಲಿ ಇದೆಯೆಂದು ಗೊತ್ತಿದ್ದರೂ ಯಾರ ಕಡೆಗೂ ತಿರುಗಿಸಬಾರದು. ರೈಫಲ್ ಕೆಳಗಿಟ್ಟಾಗ ನಳಿಗೆಯೊಳಗೆ ಬಣ್ಣದ ದಾರ ಹಾಯಿಸಿ, ಒಳಗೆ ಏನೂ ಇಲ್ಲವೆಂದು ಎಲ್ಲರಿಗೂ ಕಾಣುವಂತೆ ಇಡಬೇಕು. ಮಗಳು ಇದನ್ನೆಲ್ಲ ಹೇಳುತ್ತಿದ್ದಂತೆ ನನಗೆ ಎರಡು ಹದೀಸ್‌ಗಳು ನೆನಪಾದವು. ಬಾಣಗಳೊಂದಿಗೆ ಮಸೀದಿ ಅಥವಾ ಪೇಟೆಯ ಮೂಲಕ ಹಾದುಹೋಗುವವನು ಅವುಗಳ ಮೊನೆಯನ್ನು ಹಿಡಿದುಕೊಳ್ಳಲಿ, ಯಾರಿಗೂ ತಾಗದಿರಲಿ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಆಯುಧವನ್ನು ತಮಾಷೆಗೂ ಸಹೋದರನತ್ತ ತೋರಿಸಬೇಡಿ, ಶೈತಾನನು ಕೈ ಜಾರಿಸಬಹುದು ಎಂದೂ ಎಚ್ಚರಿಸಿದ್ದಾರೆ. ಶೂಟಿಂಗ್ ಕೋಣೆಯ ಗೋಡೆಯ ಮೇಲೆ ಬರೆದ ನಿಯಮಗಳು ನನಗೆ ಹೊಸದೆನಿಸಲಿಲ್ಲ.

ಮೂರು ವಾರ ಕಳೆಯಿತು. ಮಗಳು ದಿನವೂ ಕುತ್ತಿಗೆ ನೋವೆಂದು ಬರುತ್ತಿದ್ದಳು. ಅಂಕ ಏರಲಿಲ್ಲ. ಒಂದು ಹೊಡೆತ ಮೇಲೆ, ಇನ್ನೊಂದು ಕೆಳಗೆ, ಮತ್ತೊಂದು ಹಲಗೆಯ ಅಂಚಿಗೆ. "ಮನಸ್ಸಿಟ್ಟು ಮಾಡಿದರೆ ಬಂದೇ ಬರುತ್ತದೆ, ನಿನಗೆ ಏಕಾಗ್ರತೆ ಇಲ್ಲ" ಎಂದೆ. ಇಪ್ಪತ್ತು ವರ್ಷದಿಂದ ತರಗತಿಯಲ್ಲಿ ಹೇಳುತ್ತಾ ಬಂದ ಮಾತು, ನಾಲಗೆಯ ತುದಿಯಲ್ಲೇ ಇತ್ತು. ಅವಳು ಏನೂ ಹೇಳದೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮರುದಿನ, "ನಾನು ಬಿಟ್ಟುಬಿಡ್ತೇನೆ ಉಮ್ಮಾ" ಎಂದಳು.

ಅಣ್ಣನಿಗೆ ಸಮಾಧಾನವಾಗುತ್ತಿತ್ತು. ನಿಜ ಹೇಳಬೇಕೆಂದರೆ ನನಗೂ. ಆದರೆ ಸೋತ ಮುಖದಿಂದ ಬಿಡುವುದು ಬೇರೆ, ಬೇಡವೆನಿಸಿ ಬಿಡುವುದು ಬೇರೆ. ಹಣ ಲೆಕ್ಕ ಮಾಡಿ ಬರೋಣವೆಂದು ಅವಳ ಜೊತೆ ನಾನೂ ಹೋದೆ.

ಅಂದು ಇದ್ದದ್ದು ಹೊಸ ಕೋಚ್ ಮೇಡಂ. ಅವರು ಮಗಳನ್ನು ರೈಫಲ್ ಎತ್ತಲು ಹೇಳಿ, ಸುತ್ತ ಒಂದು ಸುತ್ತು ಬಂದು, "ಈ ರೈಫಲ್ ನಿನಗಿಂತ ಮೊದಲು ಯಾರ ಕೈಯಲ್ಲಿತ್ತು?" ಎಂದು ಕೇಳಿದರು. ಕಾಲೇಜಿನ ಹುಡುಗನೊಬ್ಬನ ಕೈಯಲ್ಲಿತ್ತು, ಆರಡಿ ಎತ್ತರದವನು. ಅವನ ಅಳತೆಗೆ ಕೂರಿಸಿದ್ದನ್ನು ಯಾರೂ ಬದಲಿಸಿರಲೇ ಇಲ್ಲ. ನನ್ನ ಮಗಳು ಮೂರು ವಾರ ಕುತ್ತಿಗೆ ಚಾಚಿ, ಭುಜ ಎತ್ತಿ, ಸೊಂಟ ತಿರುಚಿ ಅವನ ಅಳತೆಗೆ ತನ್ನನ್ನು ಹೊಂದಿಸಿಕೊಳ್ಳಲು ಹೆಣಗಿದ್ದಳು. ನಾನು ಅದಕ್ಕೆ ಏಕಾಗ್ರತೆ ಇಲ್ಲವೆಂದು ಹೆಸರಿಟ್ಟಿದ್ದೆ!

ಮೇಡಂ ಕಿಸೆಯಿಂದ ಅಲೆನ್ ಕೀ ತೆಗೆದರು. ಮುಂದಿನ ಮುಕ್ಕಾಲು ಗಂಟೆ ಒಂದು ಪೆಲೆಟ್ಟೂ ಹಾರಲಿಲ್ಲ. ಮೊದಲು ಭುಜಕ್ಕೆ ಒತ್ತುವ ಹಿಂಭಾಗದ ಪಟ್ಟಿಯನ್ನು ಒಳಕ್ಕೆ ತಂದು ಉದ್ದ ಕಡಿಮೆ ಮಾಡಿದರು. ಆಮೇಲೆ ಅದನ್ನು ಕೆಳಗಿಳಿಸಿದರು, ಆಗ ರೈಫಲ್ ತಾನಾಗಿ ಮೇಲೆದ್ದು ಕಣ್ಣಿನ ಎತ್ತರಕ್ಕೆ ಬಂತು. ಕೆನ್ನೆ ಊರುವ ಮರದ ತುಂಡನ್ನು ಸ್ವಲ್ಪ ಏರಿಸಿದರು. "ಕಣ್ಣು ಮುಚ್ಚು, ಕೆನ್ನೆಯನ್ನು ದಿಂಬಿನ ಮೇಲೆ ಇಟ್ಟ ಹಾಗೆ ಇಡು, ಈಗ ಕಣ್ಣು ತೆರೆ. ಹಿಂದಿನ ತೂತಿನ ನಡುವೆ ಮುಂದಿನ ಬಳೆ ಕಾಣುತ್ತಿದೆಯಾ?" ಕಾಣುವವರೆಗೂ ಸರಿಪಡಿಸಿದರು. ಟ್ರಿಗರನ್ನು ಅವಳ ಬೆರಳಿನ ಮೊದಲ ಗೆಣ್ಣಿನ ಮೆದು ಭಾಗ ತಲುಪುವಷ್ಟು ಹಿಂದಕ್ಕೆ ಸರಿಸಿದರು. ಅದಕ್ಕೆ ಎರಡು ಹಂತವಿದೆ. ಮೊದಲು ಸಡಿಲವಾಗಿ ಹಿಂದೆ ಬರುತ್ತದೆ, ಒಂದು ಕಡೆ ತಡೆಯುತ್ತದೆ, ಅಲ್ಲಿಂದ ಸ್ವಲ್ಪ ಒತ್ತಿದರೆ ಪೆಲೆಟ್ ಹೊರಡುತ್ತದೆ. ಆ ತಡೆಯುವ ಜಾಗ ಬೆರಳಿಗೆ ಸ್ಪಷ್ಟವಾಗಿ ತಿಳಿಯಬೇಕು. ಎಳೆದುಬಿಟ್ಟರೆ ಇಡೀ ರೈಫಲ್ ಅಲುಗುತ್ತದೆ.

ಕೊನೆಗೆ ಕಾಲು. ಕಣ್ಣು ಮುಚ್ಚಿ ಉಸಿರು ಬಿಟ್ಟು ಮತ್ತೆ ಕಣ್ಣು ತೆರೆದಾಗ ರೈಫಲ್ ತಾನಾಗಿ ಎತ್ತ ನೋಡುತ್ತಿದೆಯೋ ಅದೇ ದೇಹದ ಸಹಜ ಗುರಿ. ಅದು ಹಲಗೆಯಿಂದ ಆಚೆ ಇದ್ದರೆ ಕೈಯಿಂದ ತಳ್ಳಬಾರದು, ಪಾದ ಸರಿಸಬೇಕು. ಭಾರವನ್ನು ಸ್ನಾಯು ಹೊರಬಾರದು, ಎಲುಬು ಹೊರಬೇಕು. ಎಡಮೊಣಕೈ ಸೊಂಟದ ಎಲುಬಿನ ಮೇಲೆ ಕೂತರೆ ನಾಲ್ಕೈದು ಕಿಲೋದ ರೈಫಲ್ ಹಗುರಾಗುತ್ತದೆ. ಮಗುವನ್ನು ಸೊಂಟದ ಮೇಲೆ ಕೂರಿಸಿ ಕೆಲಸ ಮಾಡಿದ ನಮಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ, ಅಲ್ಲವೇ?

ಆಮೇಲೆ ಹತ್ತು ಹೊಡೆತ. ಎಲ್ಲವೂ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಒಟ್ಟಿಗೆ ಬಿದ್ದಿದ್ದವು, ಆದರೆ ನಡುವಿನಿಂದ ಎಡಕ್ಕೆ, ಕೆಳಗೆ. ಮಗಳ ಮುಖ ಬಾಡಿತು. ಮೇಡಂ ಮಾತ್ರ ಬೆನ್ನು ತಟ್ಟಿದರು. "ಚೆಲ್ಲಾಪಿಲ್ಲಿ ಬಿದ್ದರೆ ಹುಡುಕಬೇಕಾದದ್ದು ತುಂಬಾ ಇರುತ್ತದೆ. ಒಂದೇ ಕಡೆ ತಪ್ಪಿ ಬಿದ್ದರೆ ನಿನ್ನ ಕೆಲಸ ಸರಿಯಾಗಿದೆ, ದೃಷ್ಟಿಯಂತ್ರ ತಿರುಗಿಸಿದರೆ ಸಾಕು" ಎಂದರು. ಹಿಂದಿನ ತಿರುಪನ್ನು ಟಿಕ್ ಟಿಕ್ ಎಂದು ಬಲಕ್ಕೂ ಮೇಲಕ್ಕೂ ತಿರುಗಿಸಿದರು. ಮುಂದಿನ ಹತ್ತು ನಡುವಿಗೆ ಬಂದವು.

ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ಮದ್ರಸದ ಒಂದು ಪುಟ್ಟ ಹುಡುಗಿ ಕಣ್ಣ ಮುಂದೆ ಬಂದಳು. ಅವಳು ಮುಸ್ಹಫನ್ನು ರೇಹಲ್‌ನಿಂದ ಎತ್ತಿ ಮುಖದ ಹತ್ತಿರ ಹಿಡಿದು ಓದುತ್ತಿದ್ದಳು. ಪ್ರತಿ ಸಲವೂ "ಅದಬಿನಿಂದ ರೇಹಲ್ ಮೇಲಿಟ್ಟು ಓದು" ಎಂದು ಗದರಿಸುತ್ತಿದ್ದೆ. ಅವಳು ಕೆಳಗಿಡುತ್ತಿದ್ದಳು, ಓದು ತಪ್ಪುತ್ತಿತ್ತು, ಮತ್ತೆ ಬೈಗುಳ. ಮರುದಿನ ಅವಳ ತಾಯಿಯನ್ನು ಕರೆದು ಕಣ್ಣು ಪರೀಕ್ಷೆ ಮಾಡಿಸಲು ಹೇಳಿದೆ. ಒಂದು ವಾರದಲ್ಲಿ ಕನ್ನಡಕ ಬಂತು. ಈಗ ರೇಹಲ್ ಮೇಲೆಯೇ ಇಟ್ಟು ಓದುತ್ತಾಳೆ. ಎರಡು ವರ್ಷ ನಾನು ಆ ಮಗುವನ್ನು ಗದರಿಸಿದ್ದೆ. ಅವಳಲ್ಲಿ ಕ್ಷಮೆ ಕೇಳಿದೆ. ಅವಳಿಗೆ ಯಾಕೆಂದು ಅರ್ಥವಾಗಲಿಲ್ಲ, ಸುಮ್ಮನೆ ನಕ್ಕಳು.

ಉಪಕರಣದ ವಿಷಯ ಸಣ್ಣದಲ್ಲ ಎಂಬುದಕ್ಕೆ ನಮ್ಮ ದೇಶದವರೇ ಸಾಕ್ಷಿ. 2021ರಲ್ಲಿ ಟೋಕಿಯೊದಲ್ಲಿ ನಡೆದ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್‌ರ ಪಿಸ್ತೂಲು ಸ್ಪರ್ಧೆಯ ನಡುವೆಯೇ ಕೆಟ್ಟಿತು. ಅದನ್ನು ಸರಿಪಡಿಸುವುದರಲ್ಲಿ ಅಮೂಲ್ಯ ನಿಮಿಷಗಳು ಹೋಗಿ, ಫೈನಲ್ ಕೈತಪ್ಪಿತು. ಅವರೇ 2024ರಲ್ಲಿ ಪ್ಯಾರಿಸ್‌ನಲ್ಲಿ ಎರಡು ಕಂಚು ಗೆದ್ದರು. ಒಂಟೆಯನ್ನು ಕಟ್ಟಿ ಆಮೇಲೆ ಅಲ್ಲಾಹನ ಮೇಲೆ ಭರವಸೆಯಿಡು ಎಂಬ ಪ್ರವಾದಿ(ಸ) ಬೋಧನೆಯನ್ನು ನಾವು ಮಕ್ಕಳಿಗೆ ಕಲಿಸುತ್ತೇವೆ. ತಿರುಪು ಬಿಗಿಮಾಡುವುದೂ ಒಂಟೆ ಕಟ್ಟುವುದೇ. ಹೆಣ್ಣುಮಕ್ಕಳಿಗೆ ಇದೆಲ್ಲ ಯಾಕೆ ಎನ್ನುವವರಿಗೆ ಇನ್ನೊಂದು ಮಾತು: 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮಲೇಷ್ಯಾದ ನೂರ್ ಸುರ್ಯಾನಿ ತೈಬಿ ಎಂಟು ತಿಂಗಳ ಗರ್ಭಿಣಿಯಾಗಿದ್ದಾಗ ಇದೇ ಹತ್ತು ಮೀಟರ್ ಏರ್ ರೈಫಲ್ ಹಿಡಿದು ನಿಂತಿದ್ದರು.

ನಮ್ಮ ಮಗಳು ಪದಕ ಗೆದ್ದಳೇ ಎಂದು ನೀವು ಕೇಳಬಹುದು. ಇಲ್ಲ. ಮೊದಲ ಸ್ಪರ್ಧೆಗೆ ಬಸ್ಸಿನಲ್ಲಿ ಹೋಗುವಾಗ ಕುಲುಕಾಟಕ್ಕೋ ಏನೋ ದೃಷ್ಟಿಯಂತ್ರ ಜರುಗಿತ್ತು. ಲೆಕ್ಕಕ್ಕಿಲ್ಲದ ಅಭ್ಯಾಸದ ಹೊಡೆತಗಳಿಗೆ ಕೊಡುವ ಹದಿನೈದು ನಿಮಿಷದಲ್ಲಿ ಮೊದಲನೆಯದೇ ದೂರ ಬಿತ್ತು. ಗಾಜಿನಾಚೆ ನಿಂತಿದ್ದ ನನ್ನ ಎದೆ ಹೊಡೆದುಕೊಂಡಿತು. ಅವಳು ಹೆದರಲಿಲ್ಲ, ಅಳಲಿಲ್ಲ. ಇನ್ನೂ ಎರಡು ಹೊಡೆದು ಒಂದೇ ಕಡೆ ಬೀಳುತ್ತಿದೆಯೇ ಎಂದು ನೋಡಿದಳು. ಚೀಟಿಯಲ್ಲಿ ಬರೆದುಕೊಂಡಿದ್ದ ಲೆಕ್ಕ ನೋಡಿ ತಿರುಪು ತಿರುಗಿಸಿದಳು. ಸ್ಥಾನ ಹಿಂದೆಯೇ ಬಂತು. ಹೊರಗೆ ಬಂದವಳು, "ತಪ್ಪು ಎಲ್ಲಿದೆಯೆಂದು ನಾನೇ ಕಂಡುಹಿಡಿದೆ ಉಮ್ಮಾ" ಎಂದಳು. ಅವಳು ಅಷ್ಟು ಖುಷಿಯಾಗಿದ್ದನ್ನು ನಾನು ಪರೀಕ್ಷೆಯ ಫಲಿತಾಂಶದ ದಿನವೂ ನೋಡಿರಲಿಲ್ಲ.

ಭಯ ಹೋಗಿದೆಯೆಂದು ಹೇಳಲಾರೆ. ಫೋಟೊ ಬೇಡ ಎಂಬ ಒಪ್ಪಂದ ಈಗಲೂ ಇದೆ. ಆದರೆ ಅಣ್ಣ ಕಳೆದ ಈದ್‌ಗೆ ಬಂದಾಗ ಫ್ರಿಜ್‌ನ ಬಾಗಿಲಿಗೆ ಅಂಟಿಸಿದ್ದ ಒಂದು ಕಾಗದದ ಗುರಿಹಲಗೆಯನ್ನು ನೋಡಿದ. ನಡುವೆ ಒಂದಕ್ಕೊಂದು ಅಂಟಿಕೊಂಡ ಹತ್ತು ತೂತುಗಳು. ತುಂಬಾ ಹೊತ್ತು ನೋಡಿ, "ಇದರ ಫೋಟೊ ತೆಗೆಯಬಹುದಲ್ವಾ?" ಎಂದು ಕೇಳಿದ. ತೆಗೆದುಕೊಂಡು ಹೋದ.

ಸಹೋದರಿಯರೇ, ನಿಮ್ಮ ಮಗಳು ಶೂಟಿಂಗ್ ಕಲಿಯಬೇಕೆಂದು ನಾನು ಹೇಳುತ್ತಿಲ್ಲ. ಅದು ನಿಮ್ಮ ಮನೆಯ, ನಿಮ್ಮ ಊರಿನ ವಿಚಾರ. ಕಲಿಸುವುದಾದರೆ ಸುರಕ್ಷತೆ ಕಟ್ಟುನಿಟ್ಟಾಗಿರುವ ತರಬೇತಿ ಕೇಂದ್ರವನ್ನೇ ಹುಡುಕಿ, ಮೊದಲ ದಿನವೇ ಉಪಕರಣ ಮಗುವಿನ ಅಳತೆಗಿದೆಯೇ ಎಂದು ಕೇಳಿ. ನಾನು ಹೇಳಬೇಕೆಂದಿರುವುದು ಇಷ್ಟೇ: ಮನೆಯಲ್ಲಿ ಯಾವುದಾದರೂ ಮಗು ಓದಿನಲ್ಲೋ ನಮಾಝ್‌ನಲ್ಲೋ ಕೆಲಸದಲ್ಲೋ ಮತ್ತೆ ಮತ್ತೆ ಎಡವುತ್ತಿದ್ದರೆ, ಬೈಯುವ ಮೊದಲು ಒಂದು ಸುತ್ತು ಬಂದು ನೋಡಿ. ಅದು ಬೇರೆ ಯಾರದೋ ಅಳತೆಯಲ್ಲಿ ನಿಂತಿರಬಹುದು.

ನಮ್ಮ ಮಕ್ಕಳನ್ನು ಸರಿಯಾಗಿ ನೋಡುವ ಕಣ್ಣನ್ನು ಅಲ್ಲಾಹನು ನಮಗೆ ಕರುಣಿಸಲಿ. ಆಮೀನ್.