ಎಷ್ಟು ಓಟು ಬಿದ್ದವು ಅಂತ ಯಾರೂ ಹೇಳಲಿಲ್ಲ

ಗ್ರಾಮ ಪಂಚಾಯ್ತಿ ಚುನಾವಣೆಯ ಎಣಿಕೆ ದಿನ ತಾಲೂಕು ಕೇಂದ್ರದ ಕಾಲೇಜಿನ ಗೇಟಿನ ಮುಂದೆ ಬಿಸಿಲಲ್ಲಿ ನಿಂತು ಸುದ್ದಿ ಮಾಡುವವರು ನಾವು. ಮೂರು ಓಟಿನಿಂದ ಸೋತವನು ಮರು ಎಣಿಕೆ ಕೇಳುತ್ತಾನೆ. ಅವನ ಏಜೆಂಟ್ ಒಳಗೆ ಕೂತು ಒಂದೊಂದು ಚೀಟಿಯನ್ನೂ ನೋಡಿರುತ್ತಾನೆ. ತಿರಸ್ಕೃತ ಮತ ಎಷ್ಟು ಎಂಬುದೂ ಸಂಜೆಯೊಳಗೆ ನಮ್ಮ ನೋಟ್‌ಬುಕ್ಕಿನಲ್ಲಿರುತ್ತದೆ. ಹೀಗಾಗಿ ಟಿವಿಯ ಹಾಡು-ಕುಣಿತದ ಸ್ಪರ್ಧೆಗಳಲ್ಲಿ ನಿರೂಪಕರು ‘ನಿಮ್ಮ ಮತವೇ ಅಂತಿಮ’ ಎಂದಾಗಲೆಲ್ಲ ನಮ್ಮ ಬಾಯಿಗೆ ಅದೇ ಹಳೇ ಪ್ರಶ್ನೆ ಬರುತ್ತದೆ: ಎಷ್ಟು ಬಿದ್ದವು? ಎಣಿಸಿದವರು ಯಾರು?

ಕೆಲವು ವರ್ಷಗಳ ಹಿಂದೆ ನಮ್ಮ ತಾಲೂಕಿನ ಹುಡುಗನೊಬ್ಬ ಇಂಥದ್ದೊಂದು ಸ್ಪರ್ಧೆಯಲ್ಲಿ ಕೊನೆಯ ಸುತ್ತುಗಳವರೆಗೂ ಹೋಗಿದ್ದ. ಅಪ್ಪ ಹಮಾಲಿ, ತಾಯಿ ಕೂಲಿಗೆ ಹೋಗುವಾಕೆ. ಭಜನೆ ಮೇಳದಲ್ಲಿ ಹಾಡಿ ಹಾಡಿ ಗಂಟಲು ತಯಾರಾಗಿತ್ತು. ಊರಿನ ಯುವಕ ಸಂಘದವರು ಫ್ಲೆಕ್ಸ್ ಹಾಕಿಸಿದರು. ಆಮೇಲೆ ಚಂದಾ ಎತ್ತಿದರು. ಜಾತ್ರೆಗೆ, ಗುಡಿಗೆ ಚಂದಾ ಕೊಟ್ಟು ಗೊತ್ತಿದ್ದ ಊರು ಅದು. ಓಟಿಗೆಂದು ಕೊಟ್ಟದ್ದು ಅದೇ ಮೊದಲು. ಒಂದೊಂದು ಎಸ್ಸೆಮ್ಮೆಸ್ಸಿಗೂ ಮಾಮೂಲಿಗಿಂತ ಹೆಚ್ಚು ದರ. ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳೂ ತಮ್ಮ ಕೈಲಾದಷ್ಟು ಹಾಕಿದರು. ಕರೆನ್ಸಿ ಹಾಕುವ ಅಂಗಡಿಯಲ್ಲಿ ಆ ವಾರ ಸಂತೆಯಷ್ಟು ಜನ. ಡೆಸ್ಕಿನವರು ನಮಗೆ ‘ನಮ್ಮೂರ ಹುಡುಗನನ್ನು ಗೆಲ್ಲಿಸಿ’ ಎಂಬ ಸುದ್ದಿ ಕೇಳಿದರು. ಓಟು ಹಾಕುವ ನಂಬರು ದಪ್ಪಕ್ಷರದಲ್ಲಿ ಅಚ್ಚಾಯಿತು.

ಅಂದು ರಾತ್ರಿ ಟವರ್ ಕೈಕೊಟ್ಟಿತು. ಕಳಿಸಿದ್ದರಲ್ಲಿ ಎಷ್ಟು ಹೋಯಿತು, ಎಷ್ಟು ಉಳಿಯಿತು ಯಾರಿಗೂ ಗೊತ್ತಾಗಲಿಲ್ಲ. ದುಡ್ಡಂತೂ ಕಟ್ಟಾಗಿತ್ತು. ಹುಡುಗ ಹೊರಬಿದ್ದ. ಮರುದಿನ ನಾವು ಆ ವಾಹಿನಿಯ ಸಂಯೋಜಕರಿಗೆ ಫೋನ್ ಮಾಡಿ ಅವನಿಗೆ ಎಷ್ಟು ಮತ ಬಂದವು, ಮೇಲಿನವನಿಗೂ ಇವನಿಗೂ ಅಂತರ ಎಷ್ಟು ಎಂದು ಕೇಳಿದೆವು. ‘ಅದನ್ನೆಲ್ಲ ಕೊಡೋ ಪದ್ಧತಿ ಇಲ್ಲ ಸರ್’ ಎಂದರು. ಮಾತು ಮೆತ್ತಗೇ ಇತ್ತು. ಆ ಚಂದಾದ ಲೆಕ್ಕದ ಸುದ್ದಿ ಬರೆದು ಕಳಿಸಿದೆವು. ಜಿಲ್ಲಾ ಪುಟದಲ್ಲಿ ಜಾಗ ಸಿಗಲಿಲ್ಲ.

ಜನ ತಮ್ಮವನಿಗೆ ಓಟು ಹಾಕುತ್ತಾರೆ, ಪ್ರತಿಭೆಗಲ್ಲ ಎಂಬ ದೂರು ಹಳೆಯದು. 2007ರ ಇಂಡಿಯನ್ ಐಡಲ್ ಮೂರನೇ ಆವೃತ್ತಿ ನೆನಪಿರಬಹುದು. ಫೈನಲ್ಲಿನಲ್ಲಿ ಇದ್ದವರು ಡಾರ್ಜಿಲಿಂಗಿನ ಪ್ರಶಾಂತ್ ತಮಾಂಗ್ ಮತ್ತು ಶಿಲ್ಲಾಂಗಿನ ಅಮಿತ್ ಪಾಲ್. ಪ್ರಶಾಂತ್ ಕೋಲ್ಕತ್ತಾ ಪೊಲೀಸ್‌ನಲ್ಲಿ ಕಾನ್‌ಸ್ಟೆಬಲ್. ಗುಡ್ಡದ ಜನ ದುಡ್ಡು ಕೂಡಿಸಿ ರಾತ್ರಿಯಿಡೀ ಓಟು ಹಾಕಿದರು. ಆ ಫೈನಲ್ಲಿಗೆ ಸುಮಾರು 7 ಕೋಟಿ ಮತ ಬಂದವೆಂದು ವರದಿಯಾಯಿತು. ಪ್ರಶಾಂತ್ ಗೆದ್ದ. ಆಮೇಲೆ ರೇಡಿಯೋ ನಿರೂಪಕನೊಬ್ಬ ನೇಪಾಳಿ ಜನರ ಬಗ್ಗೆ ಹಗುರವಾಗಿ ಆಡಿದ ಮಾತಿಗೆ ಸಿಲಿಗುರಿ ಹೊತ್ತಿ ಉರಿದು ಸೇನೆಯನ್ನೇ ಕರೆಸಬೇಕಾಯಿತು. ಪ್ರಶಾಂತನ ಪರ ಪ್ರಚಾರದಲ್ಲಿ ಮುಂದೆ ನಿಂತಿದ್ದ ಬಿಮಲ್ ಗುರುಂಗ್ ಅದೇ ಅಕ್ಟೋಬರಿನಲ್ಲಿ ಗೂರ್ಖಾ ಜನಮುಕ್ತಿ ಮೋರ್ಚಾ ಕಟ್ಟಿದರು. ಬರೀ ಹಾಡಿನ ಸ್ಪರ್ಧೆ ಅಂದುಕೊಂಡವರು ಇದನ್ನೊಮ್ಮೆ ನೋಡಬೇಕು. ಟಿವಿಯಲ್ಲಿ ತಮ್ಮ ಮುಖ ಎಂದೂ ಕಾಣದ ಜನ ಒಂದು ಮುಖ ಕಂಡಾಗ ಕೈಬಿಡುವುದಿಲ್ಲ. ಅದನ್ನು ಅನ್ಯಾಯ ಎನ್ನಲು ನಮಗಂತೂ ಮನಸ್ಸು ಬರುವುದಿಲ್ಲ.

ಅನ್ಯಾಯ ಇರುವುದು ನಿಯಮದಲ್ಲಿ. ಒಬ್ಬನೇ ಎಷ್ಟು ಸಲವಾದರೂ ಓಟು ಹಾಕಬಹುದು ಎಂದ ಮೇಲೆ ಅದು ಜನರ ಲೆಕ್ಕವಲ್ಲ, ಜೇಬಿನ ಲೆಕ್ಕ. ಈಗ ಎಸ್ಸೆಮ್ಮೆಸ್ ಹೋಗಿ ಆ್ಯಪ್ ಬಂದಿದೆ, ಬಹಳ ಕಡೆ ಓಟು ಪುಕ್ಕಟೆ. ಆದರೆ ಒಂದೇ ಖಾತೆಯಿಂದ ಹಲವು ಮತ ಎಂಬುದು ಹೋಗಿಲ್ಲ. ಹಾವೇರಿ ಜಿಲ್ಲೆಯ ಕುರಿಗಾಹಿ ಹನುಮಂತ ಸರಿಗಮಪದಲ್ಲಿ ರನ್ನರ್ ಅಪ್ ಆಗಿದ್ದವರು. 2025ರ ಜನವರಿಯಲ್ಲಿ ಬಿಗ್ ಬಾಸ್ ಕನ್ನಡ ಹನ್ನೊಂದನೇ ಆವೃತ್ತಿ ಗೆದ್ದರು. ಅವರಿಗೆ 5 ಕೋಟಿಗೂ ಹೆಚ್ಚು ಮತ ಬಂತೆಂದು ವೇದಿಕೆಯಲ್ಲೇ ಹೇಳಿದರು. ಅದು ಪ್ರತಿಭಾ ಸ್ಪರ್ಧೆಯಲ್ಲ, ಸರಿ. ಆದರೂ ಈ ಅಂಕಿ ನೋಡಿ: 2023ರ ವಿಧಾನಸಭೆ ಚುನಾವಣೆಯಲ್ಲಿ ಇಡೀ ರಾಜ್ಯದ ಮತದಾರರ ಪಟ್ಟಿಯಲ್ಲಿದ್ದವರು ಸುಮಾರು 5.3 ಕೋಟಿ. ಹನುಮಂತನ ಗೆಲುವಿಗೆ ನಮ್ಮ ಕಡೆ ಪಟಾಕಿ ಹೊಡೆದದ್ದನ್ನು ನಾವೇ ಕಂಡಿದ್ದೇವೆ, ಖುಷಿಯೂ ಪಟ್ಟಿದ್ದೇವೆ. ಆದರೆ ಎಷ್ಟು ಮಂದಿ ಓಟು ಹಾಕಿದರು ಎಂಬುದು ಆ ಕೋಟಿಯಿಂದ ತಿಳಿಯುವುದಿಲ್ಲ.

ಹಾಗಾದರೆ ತೀರ್ಪುಗಾರರಿಗೇ ಬಿಟ್ಟುಬಿಡಿ ಎನ್ನುವವರಿದ್ದಾರೆ. ಬ್ರಿಟನ್ನಿನ ಬಿಬಿಸಿಯಲ್ಲಿ 2008ರಲ್ಲಿ ನಡೆದದ್ದು ಕೇಳಿ. ‘ಸ್ಟ್ರಿಕ್ಟ್ಲಿ ಕಮ್ ಡ್ಯಾನ್ಸಿಂಗ್’ ಸೆಮಿಫೈನಲ್ಲಿನಲ್ಲಿ ಮೂರು ಜೋಡಿ. ತೀರ್ಪುಗಾರರ ಅಂಕ ಮತ್ತು ಜನರ ಮತ ಎರಡನ್ನೂ ಕೂಡಿಸಿ, ಕೆಳಗಿನ ಇಬ್ಬರು ಮತ್ತೊಮ್ಮೆ ಕುಣಿಯಬೇಕು. ತೀರ್ಪುಗಾರರಲ್ಲಿ ಇಬ್ಬರು ಮೊದಲ ಸ್ಥಾನದಲ್ಲಿ ಸಮವಾದರು, ಇಬ್ಬರಿಗೂ ಮೂರು ಮೂರು ಅಂಕ. ಟಾಮ್ ಚೇಂಬರ್ಸ್‌ಗೆ ಒಂದು. ಜನರಿಂದ ಪೂರ್ತಿ ಮೂರು ಸಿಕ್ಕರೂ ಅವನದು ನಾಲ್ಕು. ಉಳಿದಿಬ್ಬರಲ್ಲಿ ಒಬ್ಬರದು ಐದಾಗಲೇಬೇಕು. ಅಂದರೆ ದೇಶವೇ ಓಟು ಹಾಕಿದರೂ ಅವನು ಕೆಳಗಿನ ಇಬ್ಬರಲ್ಲಿ ಒಬ್ಬ. ಜನ ಮಾತ್ರ ದುಡ್ಡು ಕೊಟ್ಟು ಫೋನ್ ಮಾಡುತ್ತಿದ್ದರು. ಬಿಬಿಸಿ ಅದೇ ದಿನ ಒಪ್ಪಿಕೊಂಡು ಮೂವರನ್ನೂ ಫೈನಲ್ಲಿಗೆ ಕಳಿಸಿತು, ಬಿದ್ದ ಓಟುಗಳನ್ನು ಮುಂದಿನ ವಾರಕ್ಕೆ ಸೇರಿಸಿತು, ಬೇಕೆಂದವರಿಗೆ ಹಣ ವಾಪಸ್ ಎಂದಿತು. ಫೈನಲ್ ಗೆದ್ದದ್ದು ಟಾಮ್! ಅದೇ ವರ್ಷ ಫೋನ್ ಕರೆಗಳ ದುರ್ಬಳಕೆಗಾಗಿ ಅಲ್ಲಿನ ನಿಯಂತ್ರಕ ಸಂಸ್ಥೆ ಆಫ್‌ಕಾಮ್ ಐಟಿವಿಗೆ 56.75 ಲಕ್ಷ ಪೌಂಡ್ ದಂಡ ಹಾಕಿತ್ತು.

ಲೆಕ್ಕ ಬಯಲಿಗಿದ್ದದ್ದಕ್ಕೇ ಆ ತಪ್ಪು ಕಂಡಿತು. ನಮ್ಮಲ್ಲಿ ತೀರ್ಪುಗಾರರಿಗೆ ಎಷ್ಟು ಪಾಲು, ಜನರಿಗೆ ಎಷ್ಟು ಪಾಲು ಎಂದು ಹೇಳುವುದೇ ಅಪರೂಪ. ತೀರ್ಪುಗಾರರೂ ದೇವರಲ್ಲ. ಹಳ್ಳಿ ಹುಡುಗ ಹಾಡಿದರೆ ‘ಎಷ್ಟು ಮುಗ್ಧ’ ಎನ್ನುತ್ತಾರೆ, ಬೆಂಗಳೂರಿನವನು ಹಾಡಿದರೆ ಶ್ರುತಿ-ತಾಳದ ಮಾತಾಡುತ್ತಾರೆ. ಇದು ನಮ್ಮ ಹೊಟ್ಟೆಯುರಿ ಎಂದುಕೊಂಡರೂ ಅಡ್ಡಿಯಿಲ್ಲ.

ಒಂದು ನಂಬರಿಗೆ ಒಂದೇ ಓಟು ಇರಲಿ. ಓಟಿಗೆ ಎರಡು ಗಂಟೆಯ ಬದಲು ಎರಡು ದಿನ ಕೊಡಲಿ, ಕರೆಂಟು ಹೋದವನೂ ಹಾಕಿಯಾನು. ಫಲಿತಾಂಶದ ನಂತರವಾದರೂ ಎಲ್ಲರ ಮತಗಳ ಪಟ್ಟಿ ಪರದೆ ಮೇಲೆ ಬರಲಿ. ಸ್ಪರ್ಧೆ ನಡೆಯುವಾಗ ಮುಚ್ಚಿಡುವುದಕ್ಕೆ ಕಾರಣವಿರಬಹುದು, ಮುಗಿದ ಮೇಲೆ ಯಾವ ಕಾರಣವೂ ಇಲ್ಲ. ಟಿಆರ್‌ಪಿ ಕಡಿಮೆಯಾಗುತ್ತದೆ ಎಂದು ನಮ್ಮ ಗೆಳೆಯನೊಬ್ಬ, ಬೆಂಗಳೂರಿನಲ್ಲಿ ಇಂಥ ಕಾರ್ಯಕ್ರಮಗಳಿಗೇ ಸ್ಕ್ರಿಪ್ಟ್ ಬರೆಯುವವನು, ನಕ್ಕ. ಆಗಲಿ ಬಿಡು ಎಂದೆವು.

ಆ ಹುಡುಗ ಈಗ ಮದುವೆ, ಜಾತ್ರೆಗಳ ಆರ್ಕೆಸ್ಟ್ರಾದಲ್ಲಿ ಹಾಡುತ್ತಾನೆ. ಕಾಸಿಗೆ ಕೊರತೆಯಿಲ್ಲ ಎನ್ನುತ್ತಾನೆ. ಹೋದ ತಿಂಗಳು ಸಂತೆಯಲ್ಲಿ ಅವರಪ್ಪ ಸಿಕ್ಕಿದ್ದರು. ಚಾ ಕುಡಿಯುತ್ತ ಕೇಳಿದರು: ‘ನೀವು ಪೇಪರ್‌ನವ್ರು, ನಿಮಗ ಗೊತ್ತಿರಬೇಕು. ನಮ್ಮ ಹುಡುಗಗ ಎಷ್ಟ ಓಟ್ ಬಿದ್ದಿದ್ವು ಅಣ್ಣಾ?’