ಹತ್ತು ವರ್ಷ ಎಂದು ಬರೆದವರು ಯಾರು?

ಜೂನ್ 9, 2025, ಸೋಮವಾರ

ಹಿಂದಿನ ಓಣಿಯ ಹುಡುಗಿ, ನಮ್ಮ ಕಲ್ಯಾಣ ಕರ್ನಾಟಕದವರಿಗೆ ಮೀಸಲಾದ ಹುದ್ದೆ, ಸೀಟುಗಳಿಗೆ ಬೇಕಾಗುವ 371ಜೆ ಪ್ರಮಾಣಪತ್ರದ ಅರ್ಜಿ ಹಿಡಿದು ಬಂದಿದ್ದಳು. ಏಳನೇ ತರಗತಿಯಲ್ಲಿ ನನ್ನ ಹತ್ತಿರ ಕಲಿತವಳು. ಅಪ್ಪ-ಅವ್ವ ಕಟ್ಟಡದ ಕೆಲಸಕ್ಕೆಂದು ಗುಳೆ ಹೋದಾಗ ಮಂಗಳೂರಿನಲ್ಲಿ ಹುಟ್ಟಿದಳು. ಮೊದಲ ನಾಲ್ಕು ತರಗತಿ ಅಲ್ಲೇ, ನಡುವಿನವು ಅಜ್ಜಿಯ ಮನೆಯಲ್ಲಿದ್ದು ಇಲ್ಲಿ, ಪಿಯುಸಿ ಬೆಂಗಳೂರು.

"ಸರ್, ನಮ್ಮಜ್ಜ ಇಲ್ಲ್ಯಾವ, ನಮ್ಮಪ್ಪ ಇಲ್ಲ್ಯಾವ. ನಾ ಮಾತ್ರ ಹತ್ತು ವರ್ಷ ಇದ್ದದ್ದು ತೋರಸ್ಬೇಕಂತ. ಹತ್ತಂತ ಬರದೋರ್ ಯಾರ್ರೀ ಸರ್?"

ಇಂಥ ಪ್ರಶ್ನೆಗೆ ಗೈಡಿನಲ್ಲಿ ಉತ್ತರ ಇರುವುದಿಲ್ಲ. ನಿವೃತ್ತನಾದವನಿಗೆ ಹೊತ್ತಂತೂ ಇದೆ, ಹುಡುಕೋಣ.

ಜೂನ್ 11, ಬುಧವಾರ, ಕಾರಹುಣ್ಣಿಮೆ

ಹೊರಗೆ ಎತ್ತುಗಳಿಗೆ ಬಣ್ಣ ಬಳಿಯುವ ಗದ್ದಲ. ನಾನು ಸಂವಿಧಾನ ತೆಗೆದು ಕುಳಿತೆ. 371ಜೆ ವಿಧಿ ಒಂದು ಪುಟವೂ ಆಗದು. ಅಭಿವೃದ್ಧಿ ಮಂಡಳಿ ಬೇಕು, ಅದರ ವರದಿ ಪ್ರತಿವರ್ಷ ವಿಧಾನಸಭೆಯ ಮುಂದೆ ಬರಬೇಕು, ಹಣದ ಹಂಚಿಕೆ ನ್ಯಾಯವಾಗಿರಬೇಕು, ಹುಟ್ಟಿನಿಂದಲೋ ವಾಸದಿಂದಲೋ ಈ ಪ್ರದೇಶಕ್ಕೆ ಸೇರಿದವರಿಗೆ ಒಂದಿಷ್ಟು ಪಾಲು ಹುದ್ದೆ ಮತ್ತು ಸೀಟು ಮೀಸಲಿಡಬಹುದು. ಅಷ್ಟೇ. "ಹತ್ತು" ಎಲ್ಲೂ ಇಲ್ಲ. ಎಷ್ಟು ಪಾಲು ಎಂಬುದೂ ಇಲ್ಲ. ಜನ ಜಗಳವಾಡುವ ಅಂಕಿಗಳೆಲ್ಲ ಇನ್ನೂ ಕೆಳಗಿನ ಕಾಗದಗಳಲ್ಲಿವೆ.

ನಮ್ಮ ಪಾಲಿನ ನೌಕರಿಯ ನಿಯಮವನ್ನು ಬೆಂಗಳೂರಲ್ಲೇ ಮಾಡಿಕೊಳ್ಳಬಹುದಿತ್ತಲ್ಲ, ದೆಹಲಿತನಕ ಯಾಕೆ ಹೋದರು ಎಂಬ ಅನುಮಾನ ನನಗೆ ಬಹಳ ದಿನದಿಂದ ಇತ್ತು. ಅದಕ್ಕೆ ಉತ್ತರ 16ನೇ ವಿಧಿಯಲ್ಲಿದೆ. ವಾಸಸ್ಥಳದ ಕಾರಣಕ್ಕೆ ಸರ್ಕಾರಿ ನೌಕರಿಯಲ್ಲಿ ಭೇದ ಮಾಡಬಾರದು. ಮಾಡಲೇಬೇಕಾದರೆ ಸಂಸತ್ತೇ ಕಾನೂನು ತರಬೇಕು, ರಾಜ್ಯಕ್ಕೆ ಆ ಅಧಿಕಾರವಿಲ್ಲ. ಆಂಧ್ರದವರು ಇದೇ ಕಲ್ಲಿಗೆ ಎಡವಿ, ಕೋರ್ಟು, ಚಳವಳಿ ಎಲ್ಲ ಆದ ಮೇಲೆ 1973ರ 32ನೇ ತಿದ್ದುಪಡಿಯಿಂದ 371ಡಿ ಪಡೆದರು. ನಮ್ಮವರು ಅದನ್ನೇ ತೋರಿಸಿ ಕೇಳತೊಡಗಿದರು.

ಜೂನ್ 15, ಭಾನುವಾರ

ಹೆಸರುಕಾಳು ಬಿತ್ತುವ ಮಾತೇ ಎಲ್ಲರ ಬಾಯಲ್ಲಿ. ನನ್ನ ತಲೆಯಲ್ಲಿ ತಾರೀಖುಗಳು.

ವೈಜನಾಥ ಪಾಟೀಲರು ಈ ವಿಧಿಗಾಗಿ ವರ್ಷಾನುಗಟ್ಟಲೆ ಹೋರಾಡಿದ್ದು ನಮ್ಮ ಕಡೆಯವರಿಗೆಲ್ಲ ಗೊತ್ತು. ಕಾಗದ ಓಡಾಡಿದ ದಾರಿ ಮಾತ್ರ ಅಷ್ಟು ಗೊತ್ತಿಲ್ಲ. 2010ರ ಮಾರ್ಚ್‌ನಲ್ಲಿ ರಾಜ್ಯದ ಎರಡೂ ಸದನಗಳು ನಿರ್ಣಯ ಮಾಡಿದವು. 2012ರ ಸೆಪ್ಟೆಂಬರ್‌ನಲ್ಲಿ ಲೋಕಸಭೆಯಲ್ಲಿ ಮಸೂದೆ ಮಂಡನೆಯಾಯಿತು. ವೆಂಕಯ್ಯ ನಾಯ್ಡು ಅಧ್ಯಕ್ಷರಾಗಿದ್ದ ಸ್ಥಾಯಿ ಸಮಿತಿ ಅದನ್ನು ಪರಿಶೀಲಿಸಿತು. ಡಿಸೆಂಬರ್‌ನಲ್ಲಿ ಎರಡೂ ಸದನ ಒಪ್ಪಿದವು. ಮಸೂದೆಯಾಗಿ ಬಂದಾಗ 118ನೇ ತಿದ್ದುಪಡಿ, ಕಾಯ್ದೆಯಾದಾಗ 98ನೆಯದು. ಮನೆಯಲ್ಲೊಂದು ಹೆಸರು, ಹಾಜರಿ ಪುಸ್ತಕದಲ್ಲಿ ಇನ್ನೊಂದು ಇದ್ದ ಹಾಗೆ. ಹುಡುಕುವವನು ಇಲ್ಲೇ ಅರ್ಧ ದಿನ ಕಳೆದುಕೊಳ್ಳುತ್ತಾನೆ.

ಜಾರಿಗೆ ಬಂದದ್ದು 2013ರ ಅಕ್ಟೋಬರ್ 1ರಂದು. ಅಲ್ಲಿಂದಾಚೆಗೆ ಮೆಟ್ಟಿಲು ಇಳಿಯಬೇಕು. ರಾಜ್ಯಪಾಲರಿಗೆ ವಿಶೇಷ ಹೊಣೆ ಕೊಡುವ ರಾಷ್ಟ್ರಪತಿಗಳ ಆದೇಶ ಮೊದಲು. ಅದರ ಬಲದಿಂದ ನವೆಂಬರ್ 6ರಂದು ರಾಜ್ಯಪಾಲರ ಆದೇಶಗಳು. ಪಾಲಿನ ಲೆಕ್ಕ ಸಿಕ್ಕಿದ್ದು ಇಲ್ಲಿ: ಈ ಭಾಗದ ಹುದ್ದೆಗಳಲ್ಲಿ 'ಎ', 'ಬಿ' ಗುಂಪಿಗೆ ಶೇ 75, 'ಸಿ'ಗೆ 80, 'ಡಿ'ಗೆ 85, ಹೊರಗಿನ ರಾಜ್ಯಮಟ್ಟದ ಹುದ್ದೆಗಳಲ್ಲಿ ಶೇ 8. ಅರ್ಹತಾ ಪ್ರಮಾಣಪತ್ರಕ್ಕೆ ಬೇರೆಯೇ ನಿಯಮ, ರುಜು ಉಪವಿಭಾಗಾಧಿಕಾರಿಯದು. ನಿಯಮದ ಕೆಳಗೆ ಸುತ್ತೋಲೆ, ಸುತ್ತೋಲೆಯ ಕೆಳಗೆ ನಮೂನೆ. ಹುಡುಗಿಗೆ ಕಂಡದ್ದು ಆ ಕೊನೆಯ ನಮೂನೆಯೊಂದೇ.

ಸಂಸತ್ತಿನ ಚರ್ಚೆಯನ್ನು ಮನೆಯಲ್ಲಿ ಕೂತು ಓದಬಹುದು, ಯಾರು ಏನೆಂದರು ಎಂಬುದೂ ಸಿಗುತ್ತದೆ. ಬದುಕಿಗೆ ತಾಗುವ ಸಾಲುಗಳನ್ನು ಬರೆದ ಕೋಣೆಯ ಮಾತು ಮಾತ್ರ ಎಲ್ಲೂ ಅಚ್ಚಾಗಿಲ್ಲ. ಇದು ನನಗೆ ಸರಿ ಕಾಣುವುದಿಲ್ಲ.

ಜೂನ್ 19, ಗುರುವಾರ

"ನಿಜಾಮನ ಕಾಲ್ದಾಗೂ ಇಂಥಾದ್ದಿತ್ತಲ್ಲ, ಮುಲ್ಕಿ ಅಂತ," ಅಂದರು ಗುಡಿಯ ಕಟ್ಟೆಯ ಮೇಲೆ ಕೂತಿದ್ದ ಹಿರಿಯರು. ನಿಜ. ಹೊರಗಿನವರೇ ನೌಕರಿ ತುಂಬಿಕೊಳ್ಳುತ್ತಾರೆಂಬ ಕೂಗಿಗೆ 1919ರಲ್ಲಿ ಫರ್ಮಾನು ಹೊರಟಿತು. ಸಂಸ್ಥಾನದಲ್ಲಿ ಹುಟ್ಟಿರಬೇಕು, ಇಲ್ಲವೇ 15 ವರ್ಷ ನೆಲೆಸಿ, ತಿರುಗಿ ಹೋಗುವುದಿಲ್ಲವೆಂದು ಪ್ರಮಾಣ ಮಾಡಬೇಕು. ನಮ್ಮ ಕೊಪ್ಪಳ ಆಗ ಸಾಲಾರ್ ಜಂಗನ ಜಹಗೀರು. ಜಹಗೀರಿನೊಳಗಿನ ಬಡವನಿಗೆ ಮುಲ್ಕಿಯಿಂದ ಎಷ್ಟು ನೌಕರಿ ಬಂತೋ, ಆ ಮಾತು ಬೇರೆ. 15 ಇದ್ದದ್ದು 10 ಆಗಿದೆ. ಪ್ರಶ್ನೆ ಅದೇ: ಯಾರು ನಮ್ಮವರು, ಅದಕ್ಕೆ ಪುರಾವೆ ಏನು?

ಜೂನ್ 23, ಸೋಮವಾರ

ಗಂಗಾವತಿಗೆ ಹೋಗಿ ವಕೀಲ ಗೆಳೆಯನನ್ನು ಕಂಡೆ. ಅವನು ನಕ್ಕ. "ಮಾಸ್ತರ, ಕ್ಯಾಂಪಿನವ್ರಿಗೆ ಈ ಹತ್ತು ವರ್ಷ ಎಂದೂ ಅಡ್ಡಿಯಾಗಿಲ್ಲ. ಪಹಣಿ ಐತಿ, ರೇಷನ್ ಕಾರ್ಡ್ ಐತಿ, ಒಂದ ಸಾಲಿಯ ಸರ್ಟಿಫಿಕೇಟ್ ಐತಿ."

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದಿಂದ ಬಂದು ಭತ್ತ ಬೆಳೆದು ಮೂರು ತಲೆಮಾರು ಕಂಡವರು ಈ ಕ್ಯಾಂಪಿನವರು. ಇಲ್ಲಿಯವರೇ ಆದರು, ಅದರಲ್ಲಿ ತಕರಾರಿಲ್ಲ. ಆದರೆ ನೀರಿಲ್ಲದ ಮಡ್ಡಿಯವನ ಸಂಗತಿ ನೋಡು. ಕನಕಗಿರಿ, ಕುಷ್ಟಗಿ, ಯಲಬುರ್ಗಾ ಕಡೆ ಮಳೆ ಕೈಕೊಟ್ಟ ವರ್ಷ ಮಂಗಳೂರು, ಗೋವಾ, ಬೆಂಗಳೂರು ಎಂದು ಗುಳೆ ಹೋಗುತ್ತಾರೆ. ನಂಜುಂಡಪ್ಪ ಸಮಿತಿ 2002ರಲ್ಲಿ ಕುಷ್ಟಗಿ, ಯಲಬುರ್ಗಾಗಳನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಗೆ ಸೇರಿಸಿತ್ತು. ಹಿಂದುಳಿದದ್ದಕ್ಕೇ ಈ ಸವಲತ್ತು, ಹಿಂದುಳಿದದ್ದಕ್ಕೇ ಊರು ಬಿಡಬೇಕು, ಊರು ಬಿಟ್ಟದ್ದಕ್ಕೇ ಪುರಾವೆ ಸಾಲದು. ನಿಯಮ ಬರೆದವರ ಕಣ್ಣ ಮುಂದೆ ಇದ್ದವನು ಒಂದೇ ಮನೆಯಲ್ಲಿ ಕೂತ ಮನುಷ್ಯ.

ಹುಡುಗಿಗೆ ದಾರಿ ಇದೆ: ತಂದೆ ಇಲ್ಲಿಯವನೆಂದು ತೋರಿಸಿದರೆ ಆಯಿತು. ಆತ ಮೂರನೆಯದಕ್ಕೇ ಶಾಲೆ ಬಿಟ್ಟವನು. ಹಳೆಯ ದಾಖಲಾತಿ ವಹಿಯಲ್ಲಿ ಹೆಸರು ಸಿಕ್ಕಿತು. ಮುಖ್ಯಗುರುಗಳು ಉತಾರೆ ಬರೆದುಕೊಟ್ಟರು.

ಗೆಳೆಯ ಇನ್ನೊಂದು ಮಾತು ಹೇಳಿದ. ನೇಮಕಾತಿ ನಿಯಮಗಳ ಕರಡು ರಾಜ್ಯಪತ್ರದಲ್ಲಿ ಬರುತ್ತದೆ, ಆಕ್ಷೇಪಣೆಗೆ ಸಾಮಾನ್ಯವಾಗಿ 15 ದಿನ, ಕೆಲವಕ್ಕೆ 30. ವಿಧಾನಮಂಡಲದಲ್ಲಿ ಅಧೀನ ಶಾಸನ ರಚನಾ ಸಮಿತಿಯೂ ಇದೆ. "ನಮ್ ಕಡಿಂದ ಆಕ್ಷೇಪಣೆ ಹೋಗಿದ್ದು ನಾ ಅಂತೂ ನೋಡಿಲ್ಲ," ಅಂದ. ರಾಜ್ಯಪತ್ರ ಓದುವವರಾದರೂ ಯಾರು? ಜಾಹೀರಾತಿಗೆ ಮಾತ್ರ ಪೇಪರ್ ಬಿಡಿಸುವ ಜನ ನಾವು.

ಜೂನ್ 28, ಶನಿವಾರ

ಮಾಹಿತಿ ಹಕ್ಕಿನ ಅರ್ಜಿ ಬರೆದೆ. ಕಾಯ್ದೆಯ 4ನೇ ಕಲಮಿನ ಪ್ರಕಾರ ಜನರಿಗೆ ತಾಗುವ ಮುಖ್ಯ ನೀತಿ ರೂಪಿಸುವಾಗ ಸಂಬಂಧಿಸಿದ ಸಂಗತಿಗಳನ್ನು ಸರ್ಕಾರ ತಾನಾಗಿಯೇ ಪ್ರಕಟಿಸಬೇಕು. ಕೇಳುವ ಸ್ಥಿತಿಯೇ ಬರಬಾರದಿತ್ತು. ಇರಲಿ.

ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, 150 ಪದ ಮೀರಬಾರದು. ಮೂವತ್ತು ವರ್ಷ ಮಕ್ಕಳ ಪ್ರಬಂಧ ಕತ್ತರಿಸಿದವನಿಗೂ ಕಷ್ಟವಾಯಿತು. "ದಯವಿಟ್ಟು" ತೆಗೆದೆ, "ಮಾನ್ಯರೇ" ಉಳಿಸಿದೆ. ಕೊನೆಗೆ ಉಳಿದದ್ದು ಇಷ್ಟು: ಹತ್ತು ವರ್ಷದ ವಾಸವೆಂದು ನಿರ್ಧರಿಸಿದ ಕಡತದ ಟಿಪ್ಪಣಿ ಹಾಳೆಗಳು, ಆಗ ಬಂದ ಸಲಹೆ-ಆಕ್ಷೇಪಣೆಗಳು, ವಲಸೆ ಕಾರ್ಮಿಕರ ಬಗ್ಗೆ ಚರ್ಚೆಯಾಗಿದ್ದರೆ ಅದರ ಪ್ರತಿ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ರಿಜಿಸ್ಟರ್ ಮಾಡಿದೆ.

ಜುಲೈ 14, ಸೋಮವಾರ

ಉತ್ತರ ಬಂತು. ವಿಷಯ ತಮಗೆ ಸೇರಿದ್ದಲ್ಲ, 6(3)ನೇ ಕಲಮಿನಡಿ ಇನ್ನೊಂದು ಕಚೇರಿಗೆ ವರ್ಗಾಯಿಸಿದ್ದೇವೆ ಎಂದಿದೆ. ಐದು ದಿನದೊಳಗೆ ವರ್ಗಾಯಿಸಬೇಕೆಂದು ಅದೇ ಕಲಮು ಹೇಳುತ್ತದೆ. ಪತ್ರದ ತಾರೀಖು ನೋಡಿದೆ, ಅದರೊಳಗೇ ಇದೆ. ಇಷ್ಟು ಚೊಕ್ಕವಾಗಿ ಕೆಲಸ ಮಾಡುವವರ ಹತ್ತಿರ ಟಿಪ್ಪಣಿ ಹಾಳೆಯೂ ಇರಲೇಬೇಕು. ಮೂವತ್ತು ದಿನದ ಗಡುವಿಗೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ. ಅಷ್ಟರಲ್ಲಿ ರಾಜ್ಯಪತ್ರದ ಕರಡುಗಳನ್ನು ವಾರಕ್ಕೊಮ್ಮೆ ನೋಡುವ ಕೆಲಸ ಹುಡುಗಿಗೆ ಒಪ್ಪಿಸಿದೆ. ಇವತ್ತೇ ಒಂದು ತಂದಳು, ಆಕ್ಷೇಪಣೆಗೆ ಇನ್ನೂ ಒಂಬತ್ತು ದಿನ ಇದೆ.