ಪೋಳದ ಮನೆಯಲ್ಲಿ ಮತ್ತೆ ದೀಪ

ಅಹಮದಾಬಾದು ಅಂದ ಕೂಡಲೇ ನಿಮಗೆ ಏನು ನೆನಪಾಗುತ್ತೆ ಹೇಳಿ? ಸಾಬರಮತಿ ಆಶ್ರಮ, ಬಟ್ಟೆಯ ಗಿರಣಿ, ಢೋಕಳಾ, ಅಷ್ಟೇ ತಾನೇ? ನನಗೂ ಅಷ್ಟೇ ಗೊತ್ತಿತ್ತು. ಯಜಮಾನರಿಗೆ ಇಲ್ಲಿಗೆ ವರ್ಗವಾದಾಗ, ಹೊಸ ಬಡಾವಣೆಯಲ್ಲಿ ಒಂದು ಫ್ಲ್ಯಾಟು, ಬಾಲ್ಕನಿಯಲ್ಲಿ ಒಂದು ತುಳಸಿ ಗಿಡ ಎಂದು ಮನಸ್ಸಿನಲ್ಲೇ ಮನೆ ಜೋಡಿಸಿಕೊಂಡು ಬಂದೆ. ಬಂದು ಇಳಿದದ್ದು ಮಾತ್ರ ಹಳೇ ಊರಿನ ಖಾಡಿಯಾದ ಒಂದು ಪೋಳದಲ್ಲಿ, ನೂರು ವರ್ಷ ದಾಟಿದ ಮರದ ಮನೆಯ ಮಹಡಿಯ ಮೇಲೆ! ಕಡಿದಾದ ಏಣಿಮೆಟ್ಟಿಲು ನೋಡಿ ಮೊದಲ ದಿನ ನನಗೆ ಅಳುವೇ ಬಂತು.

ಪೋಳ ಅಂದರೆ ಏನು ಅಂತೀರಾ? ಬಾಗಿಲಿರುವ ಕೇರಿ ಅನ್ನಿ. ಬಜಾರಿನ ಗದ್ದಲದಿಂದ ಒಂದು ದೊಡ್ಡ ಮರದ ಬಾಗಿಲು ದಾಟಿದರೆ ಸಾಕು, ಇಕ್ಕಟ್ಟಾದ ಓಣಿ, ಎರಡೂ ಕಡೆ ಒಂದಕ್ಕೊಂದು ಭುಜ ತಾಗಿಸಿ ನಿಂತ ಮನೆಗಳು, ಕೆತ್ತನೆಯ ಕಂಬಗಳು. ನಡುವೆ ಒಂದು ಬಾವಿ, ಒಂದು ಗುಡಿ. ಕಂಬದ ಮೇಲೆ ಪುಟ್ಟ ಮಂಟಪದ ಹಾಗೆ ಒಂದು ಚಬೂತರೊ. ಅಲ್ಲಿ ಹಕ್ಕಿಗಳಿಗೆ ಕಾಳು ಹಾಕುತ್ತಾರೆ. ಸಾಬರಮತಿಯ ದಡದಲ್ಲಿ 1411ರಲ್ಲಿ ಸುಲ್ತಾನ ಅಹಮದ್ ಶಹಾ ಕಟ್ಟಿದ ಊರು ಇದು. ಕೋಟೆಯೊಳಗಿನ ಜನ ತಮ್ಮ ತಮ್ಮ ಕಸುಬು, ಕುಲಗಳ ಪ್ರಕಾರ ಹೀಗೆ ಪೋಳಗಳನ್ನು ಮಾಡಿಕೊಂಡು ಶತಮಾನಗಳ ಕಾಲ ಬಾಳಿದರು.

ನಮ್ಮ ಮನೆಯ ಒಡತಿಯನ್ನು ಪೋಳದವರೆಲ್ಲ 'ಬಾ' ಎನ್ನುತ್ತಾರೆ. ಹಾಗಂದರೆ ಇಲ್ಲಿ ಅಮ್ಮ. ನನಗೂ ಅವರು ಬಾ ಆದರು. ಮನೆ ತೋರಿಸುತ್ತಾ ಹೋದ ಹಾಗೆ ನನಗೆ ನಮ್ಮ ಕಡೆಯ ತೊಟ್ಟಿ ಮನೆಯೇ ನೆನಪಾಯಿತು. ಮುಂದೆ ಓಟಲೊ, ಅಂದರೆ ಜಗಲಿ. ಒಳಗೆ ಚೌಕ, ಅಂದರೆ ನಮ್ಮ ತೊಟ್ಟಿಯೇ. ಬೇಸಿಗೆಯಲ್ಲಿ ಹೊರಗೆ ಬಿಸಿಲು ನಲವತ್ತೈದು ಡಿಗ್ರಿ ಮುಟ್ಟುವ ಊರು ಇದು. ಆದರೂ ಚೌಕದ ಪಕ್ಕದ ನೆರಳಲ್ಲಿ ಕೂತರೆ ಜೀವಕ್ಕೆ ತಂಪು. ಓಣಿ ಇಕ್ಕಟ್ಟಾಗಿರುವುದೂ ಒಳ್ಳೆಯದಕ್ಕೇ. ಒಂದು ಮನೆಯ ನೆರಳು ಎದುರು ಮನೆಗೆ ಕೊಡೆ.

ಬಾ ಚೌಕದ ನೆಲದಲ್ಲಿದ್ದ ಒಂದು ಮುಚ್ಚಳ ತೆಗೆದು ತೋರಿಸಿದರು. ಕೆಳಗೆ ಕತ್ತಲು, ಆಳದಲ್ಲಿ ಫಳಕ್ಕನೆ ಹೊಳೆಯುವ ನೀರು! ಇದೇ ಟಾಂಕಾ. ನಮ್ಮ ಕಡೆ ಸಂಪು ಅಂತೀವಲ್ಲ, ಅದರ ಅಜ್ಜಿ ಅನ್ನಿ. ಗಾರೆ ಮೆತ್ತಿದ ನೆಲಮಾಳಿಗೆ. ಮೊದಲ ಮಳೆಗೆ ಮೇಲಿನ ತಾರಸಿ ತೊಳೆದು ಆ ನೀರನ್ನು ಹೊರಗೆ ಬಿಡುತ್ತಾರೆ. ಆಮೇಲಿನ ಮಳೆಯ ನೀರು ಕೊಳವೆಯಲ್ಲಿ ಇಳಿದು ಇಲ್ಲಿ ತುಂಬುತ್ತದೆ. ಬಿಸಿಲು ಬೀಳದ ಕಾರಣ ಪಾಚಿ ಕಟ್ಟುವುದಿಲ್ಲ, ವರ್ಷವಿಡೀ ಕುಡಿಯಲು ಬಳಸುತ್ತಿದ್ದರಂತೆ. "ಈ ನೀರಲ್ಲಿ ಬೇಳೆ ಎಷ್ಟು ಬೇಗ ಬೇಯುತ್ತೆ ನೋಡು" ಎಂದರು ಬಾ. ಬೇಯಿಸಿ ನೋಡಿದೆ, ನಿಜ. ಮಳೆನೀರು ಮೆದು ನೀರಲ್ಲವೇ?

ಇಂಥ ಮನೆಗಳನ್ನು ಬಿಟ್ಟು ಜನ ಯಾಕೆ ಹೋದರು? ನದಿಗೆ 1892ರಲ್ಲಿ ಉಕ್ಕಿನ ಎಲ್ಲಿಸ್ ಸೇತುವೆ ಆದ ಮೇಲೆ, ಬರಬರುತ್ತಾ ಪಶ್ಚಿಮದ ದಡ ಬೆಳೆಯಿತು. ಅಲ್ಲಿ ಗಾಳಿ ಬೆಳಕಿನ ಬಂಗಲೆ, ಅಗಲ ರಸ್ತೆ, ಕಾರು ನಿಲ್ಲಿಸಲು ಜಾಗ. 1980ರ ದಶಕದಲ್ಲಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕತೊಡಗಿದವು. ಗಲಭೆ, ಕರ್ಫ್ಯೂಗಳ ಭಯವೂ ಸೇರಿತು. ಬೀಗ ಬಿದ್ದ ಮನೆಗಳು ಬಟ್ಟೆಯ ಗೋಡೌನ್ ಆದವು. ನಮ್ಮ ಪಕ್ಕದ ಮನೆಯೂ ಹಾಗೇ ಆಗಿದೆ. ಒಂದು ಕಾಲಕ್ಕೆ ಮೂರು ಸೊಸೆಯರು ರೊಟ್ಟಿ ತಟ್ಟುತ್ತಿದ್ದ ಅಡಿಗೆಮನೆಯಲ್ಲಿ ಈಗ ಥಾನುಗಳ ಅಟ್ಟಿ.

ನಿಧಾನವಾಗಿ ಗಾಳಿ ತಿರುಗಿದ್ದೂ ಉಂಟು. 1997ರಲ್ಲಿ ನಗರಪಾಲಿಕೆಯವರು 'ಹೆರಿಟೇಜ್ ವಾಕ್' ಶುರುಮಾಡಿದರು. ಬೆಳಿಗ್ಗೆ ಕಾಲೂಪುರದ ಸ್ವಾಮಿನಾರಾಯಣ ಮಂದಿರದಿಂದ ಹೊರಟು, ಪೋಳಗಳ ಒಳಗೆಲ್ಲ ಸುತ್ತಿ ಜುಮ್ಮಾ ಮಸೀದಿಯ ಬಳಿ ಮುಗಿಸುವ ನಡಿಗೆ. 2001ರ ಜನವರಿ 26ರ ಭೂಕಂಪದಲ್ಲಿ ಎಷ್ಟೋ ಹೊಸ ಬಹುಮಹಡಿ ಕಟ್ಟಡಗಳು ಕುಸಿದವು. ಪೋಳದ ಮನೆಗಳಲ್ಲಿ ಬಹಳಷ್ಟು ನಿಂತವು. ಇಟ್ಟಿಗೆಯ ಗೋಡೆಯ ನಡುನಡುವೆ ಮರದ ತೊಲೆ ಕೂಡಿಸಿ ಕಟ್ಟಿದ್ದರಿಂದ, ಭೂಮಿ ಅಲುಗಿದಾಗ ಮನೆಯೂ ತುಸು ತೂಗಿ ಮತ್ತೆ ನಿಲ್ಲುತ್ತದೆ. 2017ರಲ್ಲಿ ಯುನೆಸ್ಕೊ ಈ ಹಳೇ ಊರನ್ನು ವಿಶ್ವ ಪರಂಪರೆಯ ನಗರವೆಂದು ಸೇರಿಸಿಕೊಂಡಿತು. ಭಾರತದಲ್ಲಿ ಆ ಗೌರವ ಪಡೆದ ಮೊದಲ ನಗರ ಇದೇ. ಕೆಲವು ಹವೇಲಿಗಳು ಅತಿಥಿಗೃಹಗಳಾದವು. ಪಟ್ಟಿಯಲ್ಲಿ ಸೇರಿದ ಹಳೇ ಮನೆಯ ಒಡೆಯರಿಗೆ ಒಂದು ಅನುಕೂಲವನ್ನೂ ಮಾಡಿದ್ದಾರೆ. ತಮ್ಮ ಜಾಗದಲ್ಲಿ ಇನ್ನೂ ಮಹಡಿ ಕಟ್ಟುವ ಹಕ್ಕನ್ನು ಊರಿನ ಬೇರೆ ಕಡೆ ಕಟ್ಟುವವರಿಗೆ ಮಾರಬಹುದು. ಆ ಹಣದಿಂದ ಮನೆ ರಿಪೇರಿ ಆಗಲಿ ಎಂಬುದು ಉದ್ದೇಶ.

ಇಷ್ಟೆಲ್ಲ ಕೇಳಿ, ಇನ್ನೇನು ಚಿಂತೆ, ಎಲ್ಲ ಸುಖವಾಯಿತು ಅಂದುಕೊಂಡಿರಾ? ಇಲ್ಲ ಕಣ್ರೀ. ನಮ್ಮ ಬಾ ಮನೆಯ ಕಥೆಯನ್ನೇ ಹೇಳ್ತೀನಿ, ಕೇಳಿ.

ಬಾಗೆ ವಯಸ್ಸು ಎಪ್ಪತ್ತೆಂಟು ದಾಟಿತ್ತು, ಮಂಡಿನೋವು ಬೇರೆ. ಮಲಗುವುದು ಮಹಡಿಯಲ್ಲಿ, ಪಾಯಖಾನೆ ಕೆಳಗೆ ಬಾಗಿಲ ಪಕ್ಕದಲ್ಲಿ. ರಾತ್ರಿ ಎದ್ದರೆ ಆ ಏಣಿಮೆಟ್ಟಿಲು ಇಳಿಯಬೇಕು. ಅದಕ್ಕೇ ಅವರು ಸಂಜೆ ಆರರ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದರು! ಮಗ ನದಿಯಾಚೆ ಫ್ಲ್ಯಾಟಿನಲ್ಲಿದ್ದಾನೆ. "ಬಾ, ಇದನ್ನು ಮಾರಿಬಿಡೋಣ, ಬಟ್ಟೆ ವ್ಯಾಪಾರಿ ಕೇಳ್ತಾ ಇದ್ದಾನೆ" ಎಂದು ಬಂದಾಗೆಲ್ಲ ಹೇಳುವುದು. ಬಾ ಚಬೂತರೊ ಕಡೆ ನೋಡುತ್ತಾ ಸುಮ್ಮನೆ ಕೂರುವುದು. ಬಾಡಿಗೆಯವರಾದ ನಮಗೂ ಒಳಗೊಳಗೇ ಪುಕುಪುಕು.

ಕೊನೆಗೆ ಒಂದು ದಿನ ದಾಯಾದಿಗಳೆಲ್ಲ ಸೇರಿದರು. ಹಳೇ ಮನೆ ಎಂದರೆ ಹಕ್ಕುದಾರರು ಒಬ್ಬರೇ? ಒಬ್ಬರು ಸೂರತ್ತು, ಒಬ್ಬರು ಮುಂಬಯಿ, ಒಬ್ಬರು ಪರದೇಶ. ಎಲ್ಲರ ಸಹಿ ಕೂಡಿಸುವುದರಲ್ಲೇ ಒಂದು ವರ್ಷ ಕಳೆದಿತ್ತು. ಎಲ್ಲರೂ ಕೈಯಿಂದ ಸ್ವಲ್ಪ ಸ್ವಲ್ಪ ಹಾಕಿ ರಿಪೇರಿ ಮಾಡಿಸೋಣ ಎಂದಾಯಿತು. ಗಂಡಸರ ಮಾತೆಲ್ಲ ಮುಂಭಾಗದ ಮೇಲೆಯೇ. ಕೆತ್ತನೆಗೆ ಎಣ್ಣೆ, ಜಗಲಿಗೆ ಹೊಸ ಕಲ್ಲು, ಬಂದವರು ಫೋಟೊ ತೆಗೆಯುವ ಹಾಗಿರಬೇಕು ಅಂತ. ಆಗ ಬಾಯ ಸೊಸೆ, ಅಷ್ಟು ಹೊತ್ತೂ ಚಹಾ ಹಂಚುತ್ತಿದ್ದವಳು, ತಟ್ಟೆ ಕೆಳಗಿಟ್ಟು ಹೇಳಿದಳು: "ಮೊದಲು ಮೇಲೆ ಒಂದು ಪಾಯಖಾನೆ ಮಾಡಿಸಿ. ಮೆಟ್ಟಿಲಿಗೆ ಹಿಡಿಕೆ ಹಾಕಿಸಿ. ಅಡಿಗೆಮನೆಗೆ ಬೆಳಕು, ಹೊಗೆ ಹೋಗಲು ದಾರಿ ಮಾಡಿಸಿ. ಆಮೇಲೆ ಕೆತ್ತನೆ. ನೋಡುವವರಿಗೆ ಮುಂಭಾಗ ಸಾಕು, ಬಾಳುವವರಿಗೆ ಸಾಕಾಗೋಲ್ಲ."

ಕೋಣೆ ಗಪ್‌ಚಿಪ್. ಅತ್ತೆ ಸೊಸೆಗೆ ಅಷ್ಟಕ್ಕಷ್ಟೇ ಎಂದು ನಾನು ತಿಳಿದಿದ್ದೆ. ಬಾ ಮೆಲ್ಲಗೆ, "ನಲವತ್ತು ವರ್ಷದಿಂದ ನಾನು ಇದನ್ನೇ ಹೇಳಬೇಕೂಂತ ಇದ್ದೆ" ಎಂದರು.

ಹಾಗೇ ಆಯಿತು. ಗೆದ್ದಲು ಹಿಡಿದ ತೊಲೆಗಳನ್ನು ತೆಗೆದು, ಹಳೇ ತೇಗದ ಮರವನ್ನೇ ಹುಡುಕಿ ಕೂಡಿಸಿದರು. ಗೋಡೆಗೆ ಸಿಮೆಂಟು ಬೇಡ, ಗಾರೆಯೇ ಆಗಬೇಕು ಎಂದ ಮೇಸ್ತ್ರಿ. ಹಳೇ ಗೋಡೆ ಉಸಿರಾಡಬೇಕು, ಸಿಮೆಂಟು ಮೆತ್ತಿದರೆ ತೇವ ಒಳಗೇ ಉಳಿದು ಇಟ್ಟಿಗೆ ಪುಡಿಯಾಗುತ್ತೆ ಅಂತ ಅವನ ಲೆಕ್ಕ. ದುಡ್ಡು ಅಡಿಗೆಮನೆಗೂ ಪಾಯಖಾನೆಗೂ ಸರಿಹೋಯಿತು. ಕೆತ್ತನೆಗೆ ಇನ್ನೂ ಎಣ್ಣೆ ಬಿದ್ದಿಲ್ಲ.

ಮಗ ಸೊಸೆ ವಾಪಸು ಬಂದರೇ? ಪೂರ್ತಿ ಬಂದಿಲ್ಲ. ಮೊಮ್ಮಗಳು ಮಾತ್ರ ಬಂದಿದ್ದಾಳೆ. 2022ರಲ್ಲಿ ಮೆಟ್ರೊ ರೈಲು ಹಳೇ ಊರಿನ ನೆಲದಡಿ ಓಡತೊಡಗಿದ ಮೇಲೆ, ಅವಳಿಗೆ ಕಾಲೇಜಿಗೆ ಇಲ್ಲಿಂದಲೇ ಸಲೀಸು. ಜನವರಿ 14ರ ಉತ್ತರಾಯಣಕ್ಕೆ ಎಲ್ಲರೂ ಸೇರುತ್ತಾರೆ. ಅವತ್ತು ತಾರಸಿಯ ಮೇಲೆ ಗಾಳಿಪಟ, ಕೆಳಗೆ ಊಂಧಿಯೂ, ಜಿಲೇಬಿ, ಎಳ್ಳಿನ ಚಿಕ್ಕಿ. ನಾನು ನಮ್ಮ ಎಳ್ಳುಬೆಲ್ಲ ಬೀರುತ್ತೇನೆ. ಪಕ್ಕದ ಗೋಡೌನ್ ಹಾಗೇ ಇದೆ. ಅದರಾಚೆಯ ಎರಡು ಮನೆಗಳಲ್ಲಿ ಮಾತ್ರ ಹೋದ ವರ್ಷದಿಂದ ಸಂಜೆ ದೀಪ ಕಾಣುತ್ತಿದೆ.

ನೀವು ಈ ಕಡೆ ಬಂದರೆ ಚಳಿಗಾಲದಲ್ಲಿ ಬನ್ನಿ, ನವೆಂಬರಿನಿಂದ ಫೆಬ್ರುವರಿ ಸರಿಯಾದ ಕಾಲ. ಮೆತ್ತನೆ ಚಪ್ಪಲಿ ಇರಲಿ, ನಡೆಯುವುದೇ ಹೆಚ್ಚು. ಕವಿ ದಲಪತರಾಮರ ಮನೆಯಿದ್ದ ಕಡೆ ಅವರ ವಿಗ್ರಹ ಜಗಲಿಯ ಮೇಲೆ ಕೂತಿದೆ, ನೋಡಿ. ರಾತ್ರಿ ಮಾಣೆಕ್ ಚೌಕಿಗೆ ಹೋಗಿ. ಹಗಲು ಚಿನ್ನ ಬೆಳ್ಳಿ ಮಾರುವ ಅದೇ ಜಾಗದಲ್ಲಿ ಆಗ ತಿಂಡಿಯ ಸಂತೆ. ಆದರೆ ಜಗಲಿಯ ಮೇಲೆ ಕೂತ ಹೆಂಗಸರನ್ನು ಕೇಳದೆ ಫೋಟೊ ತೆಗೆಯಬೇಡಿ. ಅದು ವಸ್ತುಪ್ರದರ್ಶನವಲ್ಲ, ಅವರ ಮನೆಯಂಗಳ.

ಇನ್ನು ನಿಮ್ಮೂರಲ್ಲೇ ಅಜ್ಜನ ಕಾಲದ ಮನೆಯೊಂದು ಇದ್ದು, ಮಾರುವುದೋ ಉಳಿಸುವುದೋ ಎಂಬ ಮಾತು ನಡೆದಿದ್ದರೆ, ಚಹಾ ತಟ್ಟೆ ಕೆಳಗಿಟ್ಟು ನೀವೂ ಒಂದು ಮಾತು ಹೇಳಿಬಿಡಿ. ಆ ಮನೆಯ ಮೆಟ್ಟಿಲು ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯಬೇಕು ಎಂಬುದು ನಿಮಗಲ್ಲದೆ ಇನ್ನಾರಿಗೆ ಗೊತ್ತು?

ನಮ್ಮ ಬಾ ಈಗ ರಾತ್ರಿ ಮಲಗುವ ಮುಂಚೆ ಒಂದು ಲೋಟ ನೀರು ಕುಡಿಯುತ್ತಾರೆ.